ಬೆರಳು ತುಂಡಾದರೆ ಅಪಘಾತ, ಸೋಂಕು ತಗುಲಿದರೆ?

ಪೀಣ್ಯದ ಶೀಟ್ ಮೆಟಲ್ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್‌ಗೆ ಸಿಲುಕಿ ಕಾರ್ಮಿಕನೊಬ್ಬನ ಬೆರಳು ತುಂಡಾಯಿತೆನ್ನೋಣ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಅದು ದಾಖಲಾಗಬೇಕು. ಇಎಸ್‌ಐ ಕಚೇರಿಗೆ ವರದಿ ಹೋಗಬೇಕು. ಕಾರ್ಖಾನೆಗಳ ಇಲಾಖೆಗೆ ಸಮಜಾಯಿಷಿ ನೀಡಬೇಕು. ಮಾಲೀಕ ಇದನ್ನೆಲ್ಲ ತಪ್ಪಿಸಿಕೊಳ್ಳಲು ಯತ್ನಿಸಬಹುದು, ಯತ್ನಿಸುವವರೂ ಉಂಟು. ಆದರೆ ನಡೆದದ್ದು ಅಪಘಾತವೆಂಬುದನ್ನಾಗಲಿ, ಅದಕ್ಕೆ ಮಾಡುತ್ತಿದ್ದ ಕೆಲಸವೇ ಕಾರಣವೆಂಬುದನ್ನಾಗಲಿ ಯಾರೂ ಅಲ್ಲಗಳೆಯುವುದಿಲ್ಲ. ಅದೇ ಪೀಣ್ಯದ ನರ್ಸಿಂಗ್ ಹೋಮೊಂದರಲ್ಲಿ ರಾತ್ರಿ ಪಾಳಿಯ ದಾದಿಗೆ ರೋಗಿಯಿಂದ ವೈರಾಣು ಸೋಂಕು ತಗುಲಿದರೆ ಏನಾಗುತ್ತದೆ? ಬಹುಪಾಲು ಕಡೆ ಯಾವ ಪುಸ್ತಕದಲ್ಲೂ ಒಂದು ಸಾಲು ಬರೆಯುವುದಿಲ್ಲ. ಆಕೆ ರಜೆ ಹಾಕಿ ಮನೆಗೆ ಹೋಗುತ್ತಾಳೆ. ಸಾಂಕ್ರಾಮಿಕದ ಕಾಲವಾಗಿದ್ದರೆ ‘ಕೊರೊನಾ ಯೋಧೆ’ ಎಂಬ ಬಿರುದು ಸಿಗುತ್ತದೆ. ಮಾಮೂಲು ದಿನಗಳಾಗಿದ್ದರೆ ‘ಎಲ್ಲಿಂದ ಅಂಟಿಸಿಕೊಂಡು ಬಂದೆ’ ಎಂಬ ಪ್ರಶ್ನೆ.

ಬೆರಳಿಗೊಂದು ನ್ಯಾಯ, ಶ್ವಾಸಕೋಶಕ್ಕೊಂದು ನ್ಯಾಯ. ಈ ಭೇದ ಎಲ್ಲಿಂದ ಬಂತು ಎಂಬುದನ್ನು ಕೋವಿಡ್ ಹಾವಳಿಯ ಬಿಸಿ ಆರಿರುವ ಈ ಹೊತ್ತಿನಲ್ಲಾದರೂ ಕೇಳಿಕೊಳ್ಳಬೇಕು. ಆರೋಗ್ಯ ಸಿಬ್ಬಂದಿಗೆ ತಗುಲುವ ಸೋಂಕನ್ನು ನಾವು ತ್ಯಾಗವೆಂದೋ ದುರದೃಷ್ಟವೆಂದೋ ನೋಡುತ್ತ ಬಂದಿದ್ದೇವೆ. ವಾಸ್ತವವಾಗಿ ಅದು ಔದ್ಯೋಗಿಕ ಗಾಯ. ಹಾಗೆಂದು ಹೆಸರಿಸಿ, ಹಾಗೆಂದೇ ದಾಖಲಿಸಿ, ಹಾಗೆಂದೇ ಪರಿಹಾರ ನೀಡುವವರೆಗೆ ಮುಂದಿನ ವೈರಾಣುವಿಗೂ ನಾವು ಚಪ್ಪಾಳೆಯನ್ನೇ ಸಿದ್ಧಪಡಿಸಿಟ್ಟುಕೊಂಡಿರುತ್ತೇವೆ.

2020ರ ಮಾರ್ಚ್ 22ರ ಸಂಜೆ ದೇಶ ಚಪ್ಪಾಳೆ ತಟ್ಟಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂಮಳೆಗರೆದವು. ಕೃತಜ್ಞತೆ ಸಲ್ಲಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಸೋಂಕಿಗೆ ಬಲಿಯಾದ ಆರೋಗ್ಯ ಸಿಬ್ಬಂದಿ ಎಷ್ಟು ಎಂಬ ಪ್ರಶ್ನೆಗೆ ಕೇಂದ್ರ ಆರೋಗ್ಯ ಖಾತೆಯ ರಾಜ್ಯ ಸಚಿವರು ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ನೆನಪಿದೆಯೇ? ಆರೋಗ್ಯವು ರಾಜ್ಯಗಳಿಗೆ ಸೇರಿದ ವಿಷಯ, ಆದ್ದರಿಂದ ಅಂಥ ಅಂಕಿಅಂಶವನ್ನು ಕೇಂದ್ರದ ಮಟ್ಟದಲ್ಲಿ ಇಟ್ಟಿಲ್ಲ ಎಂಬುದು ಅದರ ಸಾರ. ಭಾರತೀಯ ವೈದ್ಯಕೀಯ ಸಂಘ ಆಗ ಕೆರಳಿ, ಮೃತ 382 ವೈದ್ಯರ ಪಟ್ಟಿಯನ್ನು ತಾನೇ ಪ್ರಕಟಿಸಿತು. ವೈದ್ಯರಿಗೆ ಸಂಘವಿತ್ತು, ಪಟ್ಟಿ ಬಂತು. ಆಯಾಗಳ, ವಾರ್ಡ್ ಬಾಯ್‌ಗಳ, ಪ್ರಯೋಗಾಲಯಕ್ಕೆ ಮಾದರಿ ಹೊತ್ತವರ ಪಟ್ಟಿಯನ್ನು ಬರೆಯಲು ಯಾರಿದ್ದರು? 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಜಗತ್ತಿನಾದ್ಯಂತ ಕೋವಿಡ್‌ನಿಂದ ಸತ್ತ ಆರೋಗ್ಯ ಸಿಬ್ಬಂದಿಯ ಸಂಖ್ಯೆ 80 ಸಾವಿರದಿಂದ 1.8 ಲಕ್ಷದ ನಡುವೆ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಂದಾಜಿನ ಎರಡು ತುದಿಗಳ ನಡುವೆಯೇ ಒಂದು ಲಕ್ಷ ಜೀವಗಳ ಅಂತರವಿದೆ. ಲೆಕ್ಕ ಇಡದಿರುವುದರ ಪರಿಣಾಮ ಹೀಗಿರುತ್ತದೆ.

ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ವೃದ್ಧರು. 2020ರ ಮಾರ್ಚ್ 10ರಂದು. ಅವರನ್ನು ಮನೆಯಲ್ಲೇ ಪರೀಕ್ಷಿಸಿದ್ದ 63 ವರ್ಷದ ವೈದ್ಯರಿಗೆ ಸೋಂಕು ತಗುಲಿರುವುದು ಒಂದು ವಾರದಲ್ಲಿ, ಮಾರ್ಚ್ 17ರಂದು ದೃಢಪಟ್ಟಿತು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ವೈದ್ಯರು ರೋಗಿಯ ಬಳಿ ಕುಳಿತಿದ್ದಾಗ ಕಾಯಿಲೆಗೆ ಇನ್ನೂ ಹೆಸರು ಹಚ್ಚಿರಲಿಲ್ಲ. ಅದು ಕೇವಲ ಜ್ವರ, ಕೆಮ್ಮು. ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ 2018ರ ಮೇ 21ರಂದು ನಿಪಾ ವೈರಾಣುವಿಗೆ ಬಲಿಯಾದದ್ದೂ ಇದೇ ರೀತಿ. ಆಕೆ ಶುಶ್ರೂಷೆ ಮಾಡುತ್ತಿದ್ದಾಗ ರೋಗಿಗೆ ಬಂದಿರುವುದು ನಿಪಾ ಎಂದು ಯಾರಿಗೂ ಗೊತ್ತಿರಲಿಲ್ಲ. 2001ರಲ್ಲಿ ಸಿಲಿಗುರಿಯಲ್ಲಿ ನಿಪಾ ಹರಡಿದಾಗ ಸೋಂಕಿತರಲ್ಲಿ ಸುಮಾರು ಮುಕ್ಕಾಲು ಪಾಲು ಆಸ್ಪತ್ರೆ ಸಿಬ್ಬಂದಿ ಹಾಗೂ ರೋಗಿಗಳನ್ನು ನೋಡಲು ಬಂದವರೇ ಆಗಿದ್ದರು. ಅದು ನಿಪಾ ಎಂದು ತಿಳಿಯಲು ವರ್ಷಗಳೇ ಹಿಡಿದವು. ಅಂದರೆ, ಅಪಾಯ ಅತ್ಯಧಿಕವಾಗಿರುವುದು ಫಲಕ ಹಾಕಿದ ಪ್ರತ್ಯೇಕ ವಾರ್ಡಿನಲ್ಲಲ್ಲ. ರೋಗಿ ಮೊದಲು ಬಂದು ಕುಳಿತುಕೊಳ್ಳುವ ಬೆಂಚಿನ ಬಳಿ.

ಆ ಬೆಂಚು ಬೆಂಗಳೂರಿನ ಹೊರವಲಯದಲ್ಲಿ ಎಲ್ಲಿರುತ್ತದೆ? ಪೀಣ್ಯದ ಕಾರ್ಮಿಕ ಜ್ವರ ಬಂದಾಗ ಹೋಗುವುದು ಲಗ್ಗೆರೆ, ಹೆಗ್ಗನಹಳ್ಳಿ, ಅಂದ್ರಹಳ್ಳಿಗಳ ಕ್ಲಿನಿಕ್‌ಗಳಿಗೆ. ಎಲೆಕ್ಟ್ರಾನಿಕ್ ಸಿಟಿಯ ಭದ್ರತಾ ಸಿಬ್ಬಂದಿ, ಕ್ಯಾಂಟೀನ್ ಹುಡುಗರು ಹೋಗುವುದು ದೊಡ್ಡತೋಗೂರು, ಹೆಬ್ಬಗೋಡಿಗಳ ನರ್ಸಿಂಗ್ ಹೋಮುಗಳಿಗೆ. ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡಗಳಲ್ಲಿ ನೆಲ ಒರೆಸುವವರಿಗೆ ಹೂಡಿ, ಕಾಡುಗೋಡಿಯ ವೈದ್ಯರೇ ಗತಿ. ಇವುಗಳಲ್ಲಿ ಅನೇಕವು ವಾಸದ ಮನೆಯಾಗಿ ಕಟ್ಟಿದ ಕಟ್ಟಡಗಳು. ಕೆಳಗೆ ಔಷಧಿ ಅಂಗಡಿ, ಮೇಲೆ ವಾರ್ಡು, ನಡುವೆ ಕಿರಿದಾದ ಮೆಟ್ಟಿಲು. ಹೊರರೋಗಿಗಳು ಕಾಯುವ ಜಾಗಕ್ಕೆ ಇರುವುದು ಒಂದೇ ಕಿಟಕಿ, ಅದನ್ನೂ ಹವಾನಿಯಂತ್ರಣಕ್ಕಾಗಿ ಮುಚ್ಚಿರುತ್ತಾರೆ. ದೇಶದ ಮೂಲೆಮೂಲೆಗಳಿಂದ ಬಂದು ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಜನರಿಂದ ತುಂಬಿದ ಪ್ರದೇಶದಲ್ಲಿ ಹೊಸ ವೈರಾಣುವನ್ನು ಮೊದಲು ಎದುರುಗೊಳ್ಳುವುದು ಈ ಕಿಟಕಿಯಿಲ್ಲದ ಕೋಣೆ. ಬೆಂಗಳೂರಿನಲ್ಲಿ ಓದುತ್ತಿದ್ದ, ಮಲಪ್ಪುರಂ ಜಿಲ್ಲೆಯ 24 ವರ್ಷದ ವಿದ್ಯಾರ್ಥಿಯೊಬ್ಬ 2024ರ ಸೆಪ್ಟೆಂಬರ್‌ನಲ್ಲಿ ತನ್ನೂರಿನಲ್ಲಿ ನಿಪಾದಿಂದ ಮೃತಪಟ್ಟಾಗ ಇಲ್ಲಿನ ಸಹಪಾಠಿಗಳ ಮೇಲೆ ನಿಗಾ ಇಡಬೇಕಾಯಿತು. ನಿಪಾ ಕೇರಳದ ಕಾಯಿಲೆ ಎಂದುಕೊಂಡು ನಾವು ನಿಶ್ಚಿಂತರಾಗಿರುವಂತಿಲ್ಲ.

ಪೀಣ್ಯದ ಎಂಜಿನಿಯರುಗಳಿಂದ ಆಸ್ಪತ್ರೆಗಳು ಕಲಿಯಬೇಕಾದ ಪಾಠವೊಂದಿದೆ. ಪ್ರೆಸ್ ನಡೆಸುವ ಕಾರ್ಮಿಕನಿಗೆ ‘ಎಚ್ಚರದಿಂದಿರಪ್ಪ’ ಎಂದು ಹೇಳಿ, ಒಂದು ಜೊತೆ ಕೈಗವಸು ಕೊಟ್ಟು, ಸುರಕ್ಷತೆಯ ಕೆಲಸ ಮುಗಿಯಿತೆಂದು ಯಾವ ಸುರಕ್ಷತಾ ಅಧಿಕಾರಿಯೂ ಹೇಳಲಾರ. ಅಪಾಯಕಾರಿ ಕೆಲಸವನ್ನೇ ತೆಗೆದುಹಾಕಲು ಸಾಧ್ಯವೇ ಎಂದು ಆತ ಮೊದಲು ನೋಡುತ್ತಾನೆ. ಆಗದಿದ್ದರೆ ಯಂತ್ರಕ್ಕೆ ತಡೆ ಹಾಕುತ್ತಾನೆ. ಎರಡೂ ಕೈಗಳು ಎರಡು ಗುಂಡಿಗಳ ಮೇಲಿದ್ದರಷ್ಟೇ ಪ್ರೆಸ್ ಕೆಳಗಿಳಿಯುವಂತೆ ಮಾಡುತ್ತಾನೆ. ಆಮೇಲೆ ಪಾಳಿ, ತರಬೇತಿ, ನಿಯಮ. ಕೈಗವಸು ಬರುವುದು ಕಟ್ಟಕಡೆಗೆ, ಏಕೆಂದರೆ ದಣಿದ ಮನುಷ್ಯ ಅದನ್ನು ಮರೆಯುತ್ತಾನೆ, ಅದು ಹರಿಯುತ್ತದೆ, ಬೇಸಿಗೆಯಲ್ಲಿ ಬೆವರಿಗೆ ಜಾರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮುಖಗವಸಿನಿಂದ ಆರಂಭಿಸಿ ಮುಖಗವಸಿನಲ್ಲೇ ಮುಗಿಸುತ್ತೇವೆ. ಜ್ವರದ ರೋಗಿಗೆ ಬೇರೆ ಬಾಗಿಲು, ಗಾಳಿ ಆಡುವ ಕಿಟಕಿ, ಒಬ್ಬ ದಾದಿಗೆ ಎಷ್ಟು ರೋಗಿಗಳೆಂಬ ಮಿತಿ, ಸಿಬ್ಬಂದಿಗೆ ಲಸಿಕೆ, ಕಾಯಿಲೆ ಬಿದ್ದಾಗ ಸಂಬಳ ಸಹಿತ ರಜೆ, ಇವೆಲ್ಲ ಯಂತ್ರದ ತಡೆಗೆ ಸಮನಾದವು. ಇವುಗಳಿಗೆ ಹಣ ಬೇಕು, ಸ್ಥಳ ಬೇಕು. ಮುಖಗವಸಿಗೆ ಕೆಲವೇ ರೂಪಾಯಿ ಸಾಕು.

ವಿಪರ್ಯಾಸವೆಂದರೆ, ಆ ಕೊನೆಯ ತಡೆಯನ್ನು ದೇಶಕ್ಕೆ ಹೊಲಿದುಕೊಟ್ಟದ್ದೂ ಬೆಂಗಳೂರೇ. ಸಾಂಕ್ರಾಮಿಕ ಶುರುವಾದಾಗ ಮೈಮುಚ್ಚುವ ರಕ್ಷಾ ಉಡುಪು ಇಲ್ಲಿ ತಯಾರಾಗುತ್ತಿದ್ದುದು ಅತ್ಯಲ್ಪ. ಕೆಲವೇ ವಾರಗಳಲ್ಲಿ ನಗರದ ಸಿದ್ಧ ಉಡುಪು ಕಾರ್ಖಾನೆಗಳು ಅದರ ದೊಡ್ಡ ಕೇಂದ್ರವಾದವು. ಪೀಣ್ಯದ ಮಗ್ಗುಲಲ್ಲಿರುವ ಜಾಲಹಳ್ಳಿಯ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಜೊತೆಗೂಡಿ 30 ಸಾವಿರ ವೆಂಟಿಲೇಟರ್‌ಗಳ ಬೇಡಿಕೆಯನ್ನು ಕೈಗೆತ್ತಿಕೊಂಡಿತು. ಈ ನಗರಕ್ಕೆ ತಯಾರಿಕೆಯ ಸಾಮರ್ಥ್ಯವಿಲ್ಲವೆಂದು ಯಾರೂ ಹೇಳಲಾರರು. ಆ ಉಡುಪಿನೊಳಗೆ ಎಂಟು ಗಂಟೆ ನೀರು ಕುಡಿಯದೆ ನಿಲ್ಲುವವರನ್ನು ಕಾರ್ಮಿಕರೆಂದು ಪರಿಗಣಿಸುವ ಅಭ್ಯಾಸ ಮಾತ್ರ ಇಲ್ಲಿ ಬೆಳೆಯಲಿಲ್ಲ.

ಈ ಹೋಲಿಕೆ ನನ್ನದೇ ಕಲ್ಪನೆಯೇನಲ್ಲ. 2003ರ ಸಾರ್ಸ್ ಹಾವಳಿಯಲ್ಲಿ ಜಗತ್ತಿನಾದ್ಯಂತ ಸೋಂಕಿತರಾದ 8,096 ಮಂದಿಯಲ್ಲಿ 1,706 ಮಂದಿ ಆರೋಗ್ಯ ಸಿಬ್ಬಂದಿ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಕೆನಡಾದಲ್ಲಿ ಈ ಪ್ರಮಾಣ ಶೇ 43. ಅಲ್ಲಿನ ಒಂಟಾರಿಯೊ ಪ್ರಾಂತ್ಯ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ನೇತೃತ್ವದಲ್ಲಿ ಆಯೋಗ ರಚಿಸಿತು. ಗಣಿ, ಕಾರ್ಖಾನೆಗಳಂತೆ ಆಸ್ಪತ್ರೆಯೂ ಅಪಾಯಕಾರಿ ಕೆಲಸದ ಸ್ಥಳ. ಆದರೆ ಗಣಿ, ಕಾರ್ಖಾನೆಗಳಲ್ಲಿ ಎಂದೋ ಬೇರೂರಿದ ಸುರಕ್ಷತಾ ಪದ್ಧತಿ ಆಸ್ಪತ್ರೆಗಳೊಳಗೆ ಕಾಲಿಟ್ಟಿಲ್ಲ ಎಂಬುದು ಆಯೋಗ ಕಂಡುಕೊಂಡ ಸತ್ಯ. ವೈಜ್ಞಾನಿಕ ಖಾತರಿ ಸಿಗುವವರೆಗೆ ಕಾಯದೆ ಸಿಬ್ಬಂದಿಯ ರಕ್ಷಣೆಗೆ ಮುಂದಾಗಬೇಕೆಂದೂ ಅದು ಒತ್ತಿ ಹೇಳಿತು. ಕೆನಡಾದಂಥ ಶ್ರೀಮಂತ ನಾಡಿನ ಆಸ್ಪತ್ರೆಗಳ ಬಗ್ಗೆ ಬಂದ ಮಾತಿದು ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಕಾನೂನೇ ಇಲ್ಲವೇ? ಇದೆ. ಇದು ಬಹುಮಂದಿಗೆ ತಿಳಿಯದ ವಿಚಾರ. ಇಎಸ್‌ಐ ಕಾಯ್ದೆಯ ಮೂರನೇ ಅನುಸೂಚಿಯ ‘ಎ’ ಭಾಗದಲ್ಲಿ ಮೊಟ್ಟಮೊದಲಿಗೆ ಇರುವುದೇ ಸಾಂಕ್ರಾಮಿಕ ಸೋಂಕು. ಸೋಂಕಿನ ವಿಶೇಷ ಅಪಾಯವಿರುವ ಆರೋಗ್ಯ ಅಥವಾ ಪ್ರಯೋಗಾಲಯದ ಕೆಲಸದಲ್ಲಿ ತಗುಲುವ ರೋಗ ಔದ್ಯೋಗಿಕ ರೋಗವೆಂದು ಅಲ್ಲಿ ದಶಕಗಳಿಂದ ಬರೆದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಪಟ್ಟಿಯನ್ನು ಉಳಿಸಿಕೊಂಡಿದೆ. ಅದಕ್ಕಿಂತ ಮಹತ್ವದ್ದು ಪುರಾವೆಯ ಹೊಣೆಗೆ ಸಂಬಂಧಿಸಿದ ನಿಯಮ. ಅಂಥ ಕೆಲಸದಲ್ಲಿರುವವರಿಗೆ ಅಂಥ ರೋಗ ಬಂದರೆ, ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ, ಕೆಲಸದಿಂದಲೇ ಬಂದದ್ದೆಂದು ಭಾವಿಸಬೇಕು. ದಾದಿಗೆ ಸೋಂಕು ತಗುಲಿದ್ದು ವಾರ್ಡಿನಲ್ಲೋ, ಬಿಎಂಟಿಸಿ ಬಸ್ಸಿನಲ್ಲೋ ಎಂದು ಆಕೆ ಸಾಬೀತುಪಡಿಸಬೇಕಾಗಿಲ್ಲ. ಪರಿಹಾರದ ಮೊತ್ತದಲ್ಲೂ ವ್ಯತ್ಯಾಸವಿದೆ. ಸಾಮಾನ್ಯ ಕಾಯಿಲೆಯೆಂದಾದರೆ ವೇತನದ ಶೇ 70ರಷ್ಟು, ಅದೂ ವರ್ಷಕ್ಕೆ 91 ದಿನಗಳ ಮಿತಿಯಲ್ಲಿ. ಸಾಕಷ್ಟು ದಿನಗಳ ವಂತಿಗೆ ಕಟ್ಟಿದ್ದರೆ ಮಾತ್ರ. ಔದ್ಯೋಗಿಕ ಗಾಯವೆಂದಾದರೆ ಶೇ 90ರಷ್ಟು, ದುಡಿಯಲಾಗದ ಸ್ಥಿತಿ ಇರುವವರೆಗೂ. ಸಾವು ಸಂಭವಿಸಿದರೆ ಅವಲಂಬಿತರಿಗೆ ಮಾಸಿಕ ಪಿಂಚಣಿ.

ಇದನ್ನು ಇನ್ನೊಂದು ವ್ಯವಸ್ಥೆಯ ಪಕ್ಕದಲ್ಲಿಟ್ಟು ನೋಡಬೇಕು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿಯ ವಿಮೆ ಪ್ರಕಟಿಸಿತು. ಉದಾರವಾದ ಮೊತ್ತ, ಸಂಶಯವಿಲ್ಲ. ಆದರೆ ಅದು ಸತ್ತವರಿಗೆ ಮಾತ್ರ. ಸಾಯದೆ ಉಳಿದು ತಿಂಗಳುಗಟ್ಟಲೆ ಉಸಿರಿಗೆ ತಡಕಾಡಿದವರಿಗೆ ಅದರಲ್ಲಿ ಏನೂ ಇರಲಿಲ್ಲ. ಖಾಸಗಿ ವೈದ್ಯರಾದರೆ ಸರ್ಕಾರ ಅವರ ಸೇವೆಯನ್ನು ವಶಕ್ಕೆ ಪಡೆದಿತ್ತೇ ಎಂಬ ತಕರಾರು ಬೇರೆ. ನವಿ ಮುಂಬೈನಲ್ಲಿ ಕ್ಲಿನಿಕ್ ತೆರೆದಿಡುವಂತೆ ನೋಟಿಸು ಪಡೆದು, ತೆರೆದಿಟ್ಟು, 2020ರ ಜೂನ್‌ನಲ್ಲಿ ಕೋವಿಡ್‌ನಿಂದ ಸತ್ತ ವೈದ್ಯರೊಬ್ಬರ ಕುಟುಂಬದ ಕೋರಿಕೆಯನ್ನು ಬಾಂಬೆ ಹೈಕೋರ್ಟ್ 2021ರಲ್ಲಿ ಇದೇ ಕಾರಣಕ್ಕೆ ತಳ್ಳಿಹಾಕಿತ್ತು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ಸರಿಪಡಿಸಿತು. ಪ್ರತಿಯೊಬ್ಬರಿಗೂ ಪ್ರತ್ಯೇಕ ಆದೇಶ ಪತ್ರ ಇರಲೇಬೇಕೆನ್ನುವುದು ಸಲ್ಲದೆಂದಿತು. ನ್ಯಾಯ ಸಿಕ್ಕಿತು, ಆದರೆ ಐದೂವರೆ ವರ್ಷಗಳ ಬಳಿಕ. ಆಗಲೂ, ಕೋವಿಡ್ ಕರ್ತವ್ಯದಲ್ಲಿದ್ದಾಗಲೇ ಸಾವು ಬಂತೆಂದು ತೋರಿಸುವ ಹೊಣೆ ಮೃತರ ಮನೆಯವರ ಮೇಲೆಯೇ ಉಳಿಯಿತು. ವಿಶೇಷ ಯೋಜನೆ ಕುಟುಂಬದಿಂದ ಪುರಾವೆ ಕೇಳುತ್ತದೆ. ಹಳೆಯ ಕಾರ್ಮಿಕ ಕಾನೂನು ಆ ಪ್ರಶ್ನೆಯನ್ನೇ ಎತ್ತುವುದಿಲ್ಲ. ಯಾವುದು ಹೆಚ್ಚು ಮಾನವೀಯ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಇಎಸ್‌ಐ ನಿಗಮ ಕೈಕಟ್ಟಿ ಕುಳಿತಿತ್ತೆಂದೇನೂ ಅಲ್ಲ. ಕೋವಿಡ್‌ನಿಂದ ಸತ್ತ ವಿಮಾದಾರರ ಅವಲಂಬಿತರಿಗೆ ವೇತನದ ಶೇ 90ರಷ್ಟನ್ನು ನೀಡುವ ಪರಿಹಾರ ಯೋಜನೆಯನ್ನು ಅದು 2021ರ ಜೂನ್‌ನಲ್ಲಿ ತಂದಿತು. ಹಣವಿದೆ, ಮನಸ್ಸೂ ಇದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಅದು ಎಲ್ಲ ವಿಮಾದಾರರಿಗೂ ಅನ್ವಯಿಸುವ, ಎರಡು ವರ್ಷಗಳ ಅವಧಿಗೆ ಸೀಮಿತವಾದ ತಾತ್ಕಾಲಿಕ ಯೋಜನೆಯಾಗಿತ್ತು. ದಾದಿಗೆ ತಗುಲಿದ ಸೋಂಕು ಕೆಲಸದ ಗಾಯ ಎಂಬ ಮಾತು ಅಲ್ಲಿಯೂ ಬರಲಿಲ್ಲ.

ಛತ್ರಿಯ ಹೊರಗೆ ನಿಂತವರ ಕಥೆ ಇನ್ನೂ ಕಷ್ಟದ್ದು. ಇಎಸ್‌ಐ ವೇತನ ಮಿತಿ 2017ರ ಜನವರಿಯಲ್ಲಿ ತಿಂಗಳಿಗೆ 21 ಸಾವಿರ ರೂಪಾಯಿಗೆ ನಿಗದಿಯಾಯಿತು. ವೈಟ್‌ಫೀಲ್ಡ್‌ನಂಥ ಕಡೆ ಬಾಡಿಗೆ ಕಟ್ಟಿ ಬದುಕುವ ಅನುಭವಿ ದಾದಿಯ ಸಂಬಳ ಈ ಗೆರೆಯನ್ನು ದಾಟಿದೊಡನೆ ಆಕೆ ‘ಸುಸ್ಥಿತಿ’ಯವಳಾಗಿಬಿಡುತ್ತಾಳೆ. ಏಜೆನ್ಸಿಗಳ ಮೂಲಕ ಬರುವ ಮನೆ ದಾದಿಯರದು ಬೇರೆಯದೇ ಪಾಡು. ಎರಡನೇ ಅಲೆಯ ವೇಳೆ ಈ ಪ್ರದೇಶದ ಹಲವು ವಸತಿ ಸಮುಚ್ಚಯಗಳು ತಮ್ಮ ಕ್ಲಬ್‌ಹೌಸ್‌ಗಳಲ್ಲೇ ಹಾಸಿಗೆ, ಆಮ್ಲಜನಕ ಸಾಂದ್ರಕಗಳನ್ನು ಜೋಡಿಸಿ ಆರೈಕೆ ಕೋಣೆಗಳನ್ನು ಮಾಡಿಕೊಂಡವು. ಅಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ಹೆಣ್ಣುಮಗಳ ಮಾಲೀಕ ಯಾರು? ನಿವಾಸಿಗಳ ಸಂಘವೋ, ಏಜೆನ್ಸಿಯೋ, ರೋಗಿಯ ಮಗನೋ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆಕೆಯ ಗಾಯಕ್ಕೂ ವಾರಸುದಾರರಿಲ್ಲ.

ಇನ್ನು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿಯಿದ್ದಾರೆ. ಸರ್ಕಾರದ ಕಡತದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2020ರ ಏಪ್ರಿಲ್‌ನಲ್ಲಿ ಮನೆಮನೆ ಸಮೀಕ್ಷೆಗೆ ಹೋದ ಅವರ ಮೇಲೆ ಬೆಂಗಳೂರಿನಲ್ಲೇ ಹಲ್ಲೆ ನಡೆಯಿತು. ದೇಶದ ನಾನಾ ಕಡೆಗಳಿಂದ ಇಂಥ ಸುದ್ದಿ ಬಂದಾಗ, ಅದೇ ತಿಂಗಳ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಹಲ್ಲೆಕೋರರಿಗೆ ಏಳು ವರ್ಷದವರೆಗೂ ಜೈಲು ವಿಧಿಸಲು ಅವಕಾಶ ಮಾಡಿತು. ಕಲ್ಲೆಸೆದವನಿಂದ ರಕ್ಷಿಸುವ ಕಾನೂನು ಕೆಲವೇ ವಾರಗಳಲ್ಲಿ ಬಂತು. ಆಗಬೇಕಾದದ್ದೇ. ಆದರೆ ಮುಖಗವಸು, ಕೈಗವಸುಗಳಿಗೂ 12 ಸಾವಿರ ರೂಪಾಯಿಯ ನಿಶ್ಚಿತ ಗೌರವಧನಕ್ಕೂ ಅದೇ ಮಹಿಳೆಯರು ಜುಲೈನಲ್ಲಿ ಮುಷ್ಕರ ಹೂಡಬೇಕಾಯಿತು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆಯನ್ನು ಪಡೆಯಲು ಅವರು 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮಲಗಬೇಕಾಯಿತು. ಆರೋಗ್ಯ ಸಿಬ್ಬಂದಿಗೆ ಸಕಾಲಕ್ಕೆ ವೇತನ ನೀಡದ ನಾಲ್ಕು ರಾಜ್ಯಗಳ ಹೆಸರನ್ನು 2020ರ ಜುಲೈ 31ರಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ತಿಳಿಸಿದಾಗ ಅದರಲ್ಲಿ ಕರ್ನಾಟಕವೂ ಇತ್ತೆಂಬುದನ್ನು ಮರೆಯಬಾರದು.

‘ಇದು ದಾದಿಯರ, ಆಸ್ಪತ್ರೆ ಮಾಲೀಕರ ನಡುವಿನ ವಿಚಾರ, ನಮಗೇನು’ ಎನ್ನುವವರು ತುಮಕೂರು ರಸ್ತೆಯ ಮಾದಾವರದಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನು ನೆನಪಿಸಿಕೊಳ್ಳಲಿ. 2020ರ ಜುಲೈನಲ್ಲಿ ಅಲ್ಲಿ 10,100 ಹಾಸಿಗೆಗಳ ಆರೈಕೆ ಕೇಂದ್ರ ಸಿದ್ಧವಾಯಿತು. ಪತ್ರಿಕೆಗಳ ತುಂಬ ಸಾಲು ಮಂಚಗಳ ಚಿತ್ರ. ಮಂಚ, ಹಾಸಿಗೆ, ಬಕೆಟ್, ಮಗ್ಗುಗಳ ಬಾಡಿಗೆ ಎಷ್ಟೆಂಬ ಬಗ್ಗೆ ದೊಡ್ಡ ರಾಜಕೀಯ ಜಗಳವೇ ನಡೆಯಿತು. ಆ ಹಾಸಿಗೆಗಳ ನಡುವೆ ಓಡಾಡುವವರು ಯಾರು, ಅವರು ಎಲ್ಲಿಂದ ಬರುತ್ತಾರೆ, ಅವರಿಗೆ ಸೋಂಕು ತಗುಲಿದರೆ ಗತಿಯೇನು ಎಂಬ ಬಗ್ಗೆ ಅಷ್ಟು ಬಿಸಿ ಚರ್ಚೆ ಕೇಳಿಬರಲಿಲ್ಲ. ಹಾಸಿಗೆಗಳಲ್ಲಿ ಬಹುಪಾಲು ಖಾಲಿ ಉಳಿದು, ಸೆಪ್ಟೆಂಬರ್ 15ರಂದು ಕೇಂದ್ರ ಮುಚ್ಚಿತು. ಮಂಚವನ್ನು ವಾರದಲ್ಲಿ ತರಿಸಬಹುದು. ತರಬೇತಾದ ದಾದಿಯನ್ನು ಬಾಡಿಗೆಗೆ ತರಿಸಲಾಗದು. ಅದಕ್ಕೂ ಮೊದಲು, ಜೂನ್ ಕೊನೆಯಲ್ಲಿ, ನಗರತಪೇಟೆಯ 52 ವರ್ಷದ ವ್ಯಕ್ತಿಯೊಬ್ಬರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಎಲ್ಲೂ ದಾಖಲಾಗದೆ ಪ್ರಾಣಬಿಟ್ಟ ಸುದ್ದಿ ನಗರವನ್ನು ಕಲಕಿತ್ತು. ಸರ್ಕಾರ ನೋಟಿಸು ಕೊಟ್ಟಿತು. ಬಾಗಿಲು ಮುಚ್ಚಿದವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಒಳಗಿರುವವರಿಗೆ ರಕ್ಷಣೆಯ ಭರವಸೆ ಇಲ್ಲದ ಕಡೆ ಬಾಗಿಲು ತೆರೆದಿರಲೆಂದು ನೋಟಿಸಿನಿಂದ ಮಾತ್ರವೇ ಸಾಧಿಸಲಾಗದು.

ಸಾಂಕ್ರಾಮಿಕವೇ ಬರಬೇಕೆಂದೂ ಇಲ್ಲ. ರೋಗಿಯ ರಕ್ತವಿರುವ ಸೂಜಿ ಚುಚ್ಚಿಕೊಂಡಾಗ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗುಲುವ ಸಂಭವ ಶೇ 30ರವರೆಗೂ ಇದೆ. ಎಚ್‌ಐವಿ ವಿಷಯದಲ್ಲಿ ಅದು ಶೇ 0.3. ಹೆಪಟೈಟಿಸ್ ಬಿಗೆ ಪರಿಣಾಮಕಾರಿ ಲಸಿಕೆ ಇದೆ. ಅದನ್ನು ಸಿಬ್ಬಂದಿಗೆ ಹಾಕಿಸುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕಡ್ಡಾಯ. ಆದರೆ ಅದೇ ನಿಯಮಗಳು ‘ದೊಡ್ಡ ಅಪಘಾತ’ದ ವ್ಯಾಖ್ಯೆಯಿಂದ ಸೂಜಿ ಚುಚ್ಚಿದ ಗಾಯವನ್ನು ಹೆಸರಿಸಿಯೇ ಹೊರಗಿಟ್ಟಿವೆ. ತ್ಯಾಜ್ಯದ ಲಾರಿ ಮಗುಚಿದರೆ ತಕ್ಷಣ ವರದಿ. ಆಯಾಳ ಹೆಬ್ಬೆರಳಿಗೆ ಸೂಜಿ ನೆಟ್ಟರೆ ಅದು ವಾರ್ಷಿಕ ವರದಿಯ ಒಂದು ಅಂಕಿ, ಯಾರಾದರೂ ಬರೆದರೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಕಂಪ್ಯೂಟರಿಗೆ ವೈರಸ್ ಹೊಕ್ಕರೆ ನಿಮಿಷಗಳಲ್ಲಿ ಟಿಕೆಟ್ ಸಂಖ್ಯೆ ಹುಟ್ಟುತ್ತದೆ. ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾವ ದಾರಿಯಿಂದ ಎಂಬ ತನಿಖೆ ನಡೆಯುತ್ತದೆ. ಆ ಕಂಪನಿಯ ಉದ್ಯೋಗಿಗೆ ಡ್ರಿಪ್ ಹಾಕುವ ದಾದಿಯೊಳಗೆ ನಿಜವಾದ ವೈರಸ್ ಹೊಕ್ಕರೆ ಟಿಕೆಟ್ ಇಲ್ಲ.

ಸಣ್ಣ ನರ್ಸಿಂಗ್ ಹೋಮುಗಳಿಗೆ ಇದೆಲ್ಲ ಹೊರೆಯಾಗದೇ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಗಾಳಿ ಬೆಳಕಿಗಾಗಿ ಗೋಡೆ ಒಡೆಸಲು ದುಡ್ಡು ಬೇಕು, ಮತ್ತು ಅದಕ್ಕೆ ಸರ್ಕಾರ ಸುಲಭ ಸಾಲದ ನೆರವು ನೀಡುವುದು ನ್ಯಾಯ. ಪರಿಹಾರದ ವಿಚಾರ ಹಾಗಲ್ಲ. ಅದನ್ನು ಕೊಡುವುದು ಇಎಸ್‌ಐ ನಿಧಿ, ಮಾಲೀಕನ ಜೇಬಲ್ಲ. 2019ರ ಜುಲೈನಿಂದ ವೇತನದ ಶೇ 3.25ರಷ್ಟನ್ನು ಮಾಲೀಕರೂ, ಶೇ 0.75ರಷ್ಟನ್ನು ಸಿಬ್ಬಂದಿಯೂ ಆ ನಿಧಿಗೆ ಕಟ್ಟುತ್ತಲೇ ಬಂದಿದ್ದಾರೆ. ಕಟ್ಟಿದ ಹಣದಿಂದ ಸಲ್ಲಬೇಕಾದುದನ್ನು ಕೇಳಲು ಬೇಕಿರುವುದು ಒಂದು ದಾಖಲೆ ಮಾತ್ರ. ‘ಸೇವೆಯನ್ನು ಕೂಲಿಯ ಮಟ್ಟಕ್ಕೆ ಇಳಿಸುತ್ತೀರಿ’ ಎಂಬ ಇನ್ನೊಂದು ಆಕ್ಷೇಪ ಸಾಮಾನ್ಯವಾಗಿ ಸಂಬಳ ಕೊಡುವವರ ಕಡೆಯಿಂದ ಬರುತ್ತದೆ, ಪಡೆಯುವವರ ಕಡೆಯಿಂದಲ್ಲ.

ರಾಜ್ಯ ಸರ್ಕಾರ ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ 2007ರ ಕಾಯ್ದೆಯಿದೆ. ನೋಂದಣಿಯ ನವೀಕರಣ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ. ಸಿಬ್ಬಂದಿಗೆ ತಗುಲಿದ ಸೋಂಕು ಹಾಗೂ ಸೂಜಿ ಗಾಯಗಳ ಪುಸ್ತಕವನ್ನೂ ಹೆಪಟೈಟಿಸ್ ಲಸಿಕೆಯ ದಾಖಲೆಯನ್ನೂ ತೋರಿಸಿದರಷ್ಟೇ ನವೀಕರಣ ಎಂಬ ಷರತ್ತು ಹಾಕಲಿ. ಆ ಪುಸ್ತಕದಲ್ಲಿ ಗುತ್ತಿಗೆಯ ಆಯಾ, ಆಂಬುಲೆನ್ಸ್ ಚಾಲಕರ ಹೆಸರಿಗೂ ಜಾಗವಿರಲಿ. ಆಶಾ ಕಾರ್ಯಕರ್ತೆಯರಿಗೆ ಸೋಂಕು ತಗುಲಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅದನ್ನು ಬರೆದುಕೊಳ್ಳಲಿ. ಇಎಸ್‌ಐ ನಿಗಮವು ಆಸ್ಪತ್ರೆ ಸಿಬ್ಬಂದಿಯ ಸೋಂಕನ್ನು ಸಾಮಾನ್ಯ ಕಾಯಿಲೆಯ ಖಾತೆಗೆ ಹಾಕುವ ಮುನ್ನ ಮೂರನೇ ಅನುಸೂಚಿಯನ್ನು ತೆರೆದು ನೋಡಬೇಕೆಂದು ತನ್ನ ಶಾಖಾ ಕಚೇರಿಗಳಿಗೆ ಒಂದು ಸುತ್ತೋಲೆ ಹೊರಡಿಸಿದರೂ ಸಾಕು, ಎಷ್ಟೋ ಅರ್ಜಿಗಳ ದಿಕ್ಕು ಬದಲಾದೀತು.

ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಯಿದೆ. ಎಲೆಕ್ಟ್ರಾನಿಕ್ ಸಿಟಿಗೆ ಹೊಂದಿಕೊಂಡ ಬೊಮ್ಮಸಂದ್ರದಲ್ಲಿ ಇನ್ನೊಂದಕ್ಕೆ 2024ರ ಅಕ್ಟೋಬರ್ 29ರಂದು ಶಂಕುಸ್ಥಾಪನೆ ನಡೆದಿದೆ. ತುಂಡಾದ ಬೆರಳುಗಳು, ಸುಟ್ಟ ಕೈಗಳು ಅಲ್ಲಿಗೆ ಬರಲಿವೆ; ಅವುಗಳಿಗೆಲ್ಲ ಅಚ್ಚಾದ ನಮೂನೆಗಳು ಸಿದ್ಧವಾಗಿರುತ್ತವೆ. ಆ ಬೆರಳುಗಳಿಗೆ ಪಟ್ಟಿ ಕಟ್ಟುವ ಗುತ್ತಿಗೆ ದಾದಿಗೆ ಜ್ವರ ಬಂದ ದಿನ ಆಕೆಯ ಹೆಸರಿನಲ್ಲಿ ತುಂಬಬೇಕಾದ ನಮೂನೆಯೂ ಅದೇ ಕಪಾಟಿನಲ್ಲಿರಲಿ.